ಚಿಂಪಾಂಜಿಯ ಹೆದರಿಕೆ ಬಿಡಿಸಿದ ಕತೆ

ಉಗಾಂಡದ ಕಿಬಾಲೆ ರಾಷ್ಟ್ರೀಯ ಉದ್ಯಾನದಲ್ಲಿ ಚಿಂಪಾಂಜಿ ನೋಡಲು ಹೊರದೇಶದವರು ತೆರಬೇಕಾದ ಪರ್ಮಿಟ್ ಶುಲ್ಕ 2024ರ ಜುಲೈನಲ್ಲಿ 250 ಡಾಲರಿಗೆ ಏರಿತು. ಆಗಿನ ದರದಲ್ಲಿ ಹತ್ತಿರಹತ್ತಿರ 21 ಸಾವಿರ ರೂಪಾಯಿ. ಚಿಂಪಾಂಜಿ ಕಣ್ಣಿಗೆ ಬಿದ್ದ ಮೇಲೆ ಅದರ ಎದುರು ಕಳೆಯಲು ಸಿಗುವುದು ಒಂದೇ ಗಂಟೆ. ದುಬಾರಿ ಅನ್ನಿಸಬಹುದು. ಆದರೆ ಇಲ್ಲಿ ಬೆಲೆ ಇರುವುದು ಮನುಷ್ಯರನ್ನು ಕಂಡರೂ ಓಡದೆ ಕೂತು ಹಣ್ಣು ತಿನ್ನುವ ಚಿಂಪಾಂಜಿಗೆ. ಅಂಥದ್ದು ಕಾಡಿನಲ್ಲಿ ತಾನಾಗಿ ಸಿಗುವುದಿಲ್ಲ. ಕಾಡಿನ ಚಿಂಪಾಂಜಿ ಮನುಷ್ಯರ ಸುಳಿವು ಸಿಕ್ಕರೆ ಸಾಕು, ಮರದಿಂದ ಜಾರಿ ನೆಲಕ್ಕಿಳಿದು ಪೊದೆಗಳಲ್ಲಿ ಮಾಯವಾಗಿಬಿಡುತ್ತದೆ. ಅದರ ಹೆದರಿಕೆ ಬಿಡಿಸಲು ವರ್ಷಗಟ್ಟಲೆ ಕೂಲಿ, ತಾಳ್ಮೆ, ಸಂಬಳ ಎಲ್ಲ ಬೇಕು. ಈ ಕೆಲಸ ಯಾರು, ಯಾಕೆ ಶುರುಮಾಡಿದರು ಎಂದು ಹುಡುಕಿಕೊಂಡು ಹೋದರೆ ದಾರಿ ಕಿಬಾಲೆಯಿಂದ ಉತ್ತರಕ್ಕೆ, ಬುಡೊಂಗೊ ಮೀಸಲು ಅರಣ್ಯಕ್ಕೆ ತಿರುಗುತ್ತದೆ. ಅಲ್ಲಿ ಮೊದಲು ಎದುರಾಗುವವರು ನಾಟಾದವರು, ಅಂದರೆ ಮರದ ದಿಮ್ಮಿಗಾಗಿ ಕಾಡು ಕಡಿಯುವವರು.

ಮಸಿಂಡಿ ಪಟ್ಟಣದಿಂದ ಪಶ್ಚಿಮಕ್ಕೆ, ಆಲ್ಬರ್ಟ್ ಸರೋವರದ ಕಡೆ ನೆಲ ಇಳಿಯುವ ಮುಂಚೆ ಸಿಗುವ ಕಾಡು ಬುಡೊಂಗೊ. ಒಟ್ಟು ಸುಮಾರು 800 ಚದರ ಕಿಲೋಮೀಟರು. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ದಟ್ಟ ಕಾಡು, ಮಿಕ್ಕಿದ್ದು ಹುಲ್ಲುಗಾವಲು. ಬ್ರಿಟಿಷರ ಕಣ್ಣು ಬಿದ್ದದ್ದು ಇಲ್ಲಿಯ ಮಹಾಗನಿಯ ಮೇಲೆ. 1932ರಲ್ಲಿ ಕಾಡು ಮೀಸಲಾಯಿತು, ಅದರ ಹಿಂದೆಯೇ ಮರ ಕಡಿಯುವ ಯೋಜನೆಗಳು ಬಂದವು. ಇಡೀ ಕಾಡನ್ನು ಕೂಪು ಎನ್ನುವ ತುಂಡುಗಳಾಗಿ ಸೀಳಿ ಅಕ್ಷರ, ಅಂಕಿ ಕೊಟ್ಟರು: ಎನ್‌3, ಎನ್‌15, ಹೀಗೆ. ಎನ್‌15ನ್ನು ಮುಟ್ಟದೆ ಬಿಟ್ಟರು. ಎನ್‌3ರಲ್ಲಿ 1947ರಿಂದ ಐದಾರು ವರ್ಷ ಕೊಡಲಿ, ಗರಗಸ ಆಡಿದವು. ಆ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಚಿಂಪಾಂಜಿಗಳ ಹಿಂದೆ ಓಡಾಡುವ ಸಂಶೋಧಕರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು ಮರ ಕಡಿಯುವವರು ಇಟ್ಟ ವಿಳಾಸವನ್ನೇ.

ಮುಂದೆ ನಡೆದದ್ದು ಅರಣ್ಯಶಾಸ್ತ್ರದ ಒಂದು ವಿಚಿತ್ರ ಅಧ್ಯಾಯ. ಎಗ್ಗೆಲಿಂಗ್ ಎಂಬ ಅರಣ್ಯಾಧಿಕಾರಿ 1947ರಲ್ಲಿ ಬುಡೊಂಗೊ ಬಗ್ಗೆ ಬರೆದ ಅಧ್ಯಯನ ಪ್ರಸಿದ್ಧವಾಯಿತು. ಕಾಡು ಹುಲ್ಲುಗಾವಲಿನ ಮೇಲೆ ಹಬ್ಬುತ್ತದೆ, ಮಧ್ಯದಲ್ಲಿ ಬಗೆಬಗೆಯ ಮರಗಳ ಮಿಶ್ರ ಕಾಡಾಗುತ್ತದೆ, ಕೊನೆಗೆ ಸೈನೊಮೆಟ್ರಾ ಎಂಬ ಕಬ್ಬಿಣದಂಥ ಮರವೊಂದೇ ಎಲ್ಲವನ್ನೂ ನುಂಗಿ ನಿಲ್ಲುತ್ತದೆ ಎಂಬುದು ಅದರ ಸಾರ. ಸೈನೊಮೆಟ್ರಾ ಗೆದ್ದರೆ ಮಹಾಗನಿಗೆ ಜಾಗವಿಲ್ಲ. ಹಾಗಾಗಿ ಇಲಾಖೆ ಅದನ್ನು ಕೊಲ್ಲಲು ಹೊರಟಿತು. 1950ರ ದಶಕದಿಂದ ಕಾಂಡಗಳಿಗೆ ವಿಷ ಹಾಕತೊಡಗಿದರು. ವಿಯೆಟ್ನಾಂ ಯುದ್ಧದಲ್ಲಿ ಏಜೆಂಟ್ ಆರೆಂಜ್ ಎಂದು ಕುಖ್ಯಾತವಾದ ಮಿಶ್ರಣದಲ್ಲಿದ್ದ ಎರಡು ಕಳೆನಾಶಕಗಳೇ ಇಲ್ಲೂ ಇದ್ದದ್ದು. ನಾಟಾಕ್ಕೆ ಬಾರದ ಮರಗಳೆಲ್ಲ ಕಳೆಯ ಪಟ್ಟಿಗೆ ಸೇರಿದವು, ಅತ್ತಿ-ಗೋಳಿ ಜಾತಿಯವೂ ಸೇರಿದವು. ಚಿಂಪಾಂಜಿಯ ಮುಖ್ಯ ಆಹಾರ ಅತ್ತಿ ಜಾತಿಯ ಹಣ್ಣು ಎಂಬುದು ಆ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ.

ಇಷ್ಟಾದರೂ ಚಿಂಪಾಂಜಿಗಳು ಉಳಿದವು. 1990ರ ದಶಕದಲ್ಲಿ ಎಣಿಕೆ ಮಾಡಿದಾಗ ಕಡಿದ ಕೂಪುಗಳಲ್ಲಿ ಅವು ಕಡಿಯದ ಕೂಪುಗಳಿಗಿಂತ ಕಡಿಮೆ ಇರಲಿಲ್ಲ. ಸೈನೊಮೆಟ್ರಾ ಸತ್ತ ಕಡೆ ಬೆಳಕು ಬಿದ್ದು ಹಣ್ಣಿನ ಮರಗಳು ಎದ್ದಿದ್ದವು, ವಿಷ ಹಾಕಿದ ಅತ್ತಿ ಜಾತಿಯವೂ ಪೂರ್ತಿ ನಾಶವಾಗದೆ ಮತ್ತೆ ಚಿಗುರಿದ್ದವು. ಇದನ್ನು ಕೇಳಿ ಮರ ಕಡಿದರೆ ಕಾಡಿಗೆ ಒಳ್ಳೆಯದು ಎನ್ನುವವರೂ ಇದ್ದಾರೆ. ಅದು ಅವಸರದ ಮಾತು. ಇಲ್ಲಿ ಆದದ್ದು ಯಾರೂ ಯೋಜಿಸದ ಅದೃಷ್ಟ, ಅಷ್ಟೆ.

ಚಿಂಪಾಂಜಿಯನ್ನೇ ಹುಡುಕಿಕೊಂಡು ಬುಡೊಂಗೊಗೆ ಬಂದ ಮೊದಲಿಗರಲ್ಲಿ ವರ್ನನ್ ರೆನಾಲ್ಡ್ಸ್ ಒಬ್ಬರು. 1962ರಲ್ಲಿ ಹೆಂಡತಿ ಫ್ರಾಂಕಿ ಜೊತೆ ಬಂದರು. ಅದಕ್ಕೆ ಎರಡು ವರ್ಷ ಮುಂಚೆ ಜೇನ್ ಗುಡಾಲ್ ಟಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ ಕೆಲಸ ಶುರುಮಾಡಿದ್ದರು. ಅಲ್ಲಿ ಬಾಳೆಹಣ್ಣು ಇಟ್ಟು ಚಿಂಪಾಂಜಿಗಳನ್ನು ಹತ್ತಿರ ಕರೆದರು. ಅದೇ ದೇಶದ ಮಹಾಲೆಯಲ್ಲಿ ಜಪಾನಿನ ಸಂಶೋಧಕ ತೊಶಿಸಾದಾ ನಿಶಿದಾ 1966ರಲ್ಲಿ ಕಬ್ಬು ಕೊಟ್ಟು ಒಲಿಸಿಕೊಂಡರು. ತಿಂಡಿಯ ಆಸೆಗೆ ಬಂದ ಚಿಂಪಾಂಜಿ ಬೇಗ ಹೆದರಿಕೆ ಬಿಡುತ್ತದೆ ನಿಜ, ಆದರೆ ಒಂದೇ ರಾಶಿಗೆ ಹತ್ತಾರು ಬಂದರೆ ಜಗಳ ಹೆಚ್ಚುತ್ತದೆ, ಮನುಷ್ಯ ಎಂದರೆ ತಿಂಡಿ ಎಂಬ ಪಾಠವೂ ಗಟ್ಟಿಯಾಗುತ್ತದೆ. ಮುಂದೆ ಈ ದಾರಿಯನ್ನು ಕೈಬಿಡಬೇಕಾಯಿತು. ಬುಡೊಂಗೊದಲ್ಲಿ ರೆನಾಲ್ಡ್ಸ್ ದಂಪತಿ ಏನನ್ನೂ ಇಡಲಿಲ್ಲ. ಕೂಗು ಕೇಳಿದ ಕಡೆ ನಡೆದರು, ಸಿಕ್ಕಷ್ಟು ನೋಡಿದರು.

ಆಮೇಲೆ ದೇಶವೇ ಕುಸಿಯಿತು. 1971ರಲ್ಲಿ ಇದಿ ಅಮೀನ್ ಅಧಿಕಾರ ಹಿಡಿದದ್ದರಿಂದ ಹಿಡಿದು 1986ರಲ್ಲಿ ಮುಸೆವೆನಿ ಬರುವವರೆಗೆ ಕಾಡಿನ ಸಂಶೋಧನೆಯ ಮಾತಾಡುವ ಸ್ಥಿತಿ ಇರಲಿಲ್ಲ. ಕಾಯುವವರಿಗೆ ಸಂಬಳವಿಲ್ಲ, ಕಳ್ಳಬೇಟೆಗೆ ತಡೆಯಿಲ್ಲ. ತಾಯಿಯನ್ನು ಕೊಂದು ಮರಿಯನ್ನು ಮಾರುವ ದಂಧೆಯೂ ನಡೆಯಿತು. ಮುಟ್ಟುಗೋಲು ಹಾಕಿಕೊಂಡ ಮರಿಗಳನ್ನು ಇಟ್ಟುಕೊಳ್ಳಲು ಕೊನೆಗೆ 1998ರಲ್ಲಿ ವಿಕ್ಟೋರಿಯಾ ಸರೋವರದ ಎನ್‌ಗಂಬಾ ದ್ವೀಪದಲ್ಲಿ ಒಂದು ಆಶ್ರಯತಾಣವನ್ನೇ ತೆರೆಯಬೇಕಾಯಿತು. ರೆನಾಲ್ಡ್ಸ್ 1990ರಲ್ಲಿ ಮರಳಿ ಬಂದು, ಹಳೆಯ ಸಾಮಿಲ್ ಪಕ್ಕದಲ್ಲಿ ಸಂಶೋಧನಾ ಕೇಂದ್ರ ಶುರುಮಾಡಿದರು. ಅಲ್ಲಿ ಹರಿಯುವ ಸೊನ್ಸೊ ಹೊಳೆಯ ಹೆಸರೇ ಸುತ್ತಲಿನ ಚಿಂಪಾಂಜಿ ಗುಂಪಿಗೂ ಬಂತು.

ಹೆದರಿಕೆ ಬಿಡಿಸುವುದು ಎಂದರೆ ಏನು? ಕಾಡಿನೊಳಗೆ ಚೌಕುಳಿಯಂತೆ ಕಾಲುದಾರಿ ಕಡಿಯುತ್ತಾರೆ. ಸುತ್ತಲ ಹಳ್ಳಿಗಳ ಯುವಕರು ದಿನಾ ಬೆಳಗ್ಗೆ ಅದೇ ಹೊತ್ತಿಗೆ ಹೋಗುತ್ತಾರೆ. ಮಾತಿಲ್ಲ, ಓಟವಿಲ್ಲ, ಕೈಯಲ್ಲಿ ಕೋಲಿಲ್ಲ. ಮೊದಲ ತಿಂಗಳುಗಳಲ್ಲಿ ಕಾಣುವುದು ಓಡುತ್ತಿರುವ ಬೆನ್ನು ಮಾತ್ರ. ಆಮೇಲೆ ಕೆಲವು ಗಂಡುಗಳು ನಿಂತು ಕಿರುಚುತ್ತವೆ, ಕೊಂಬೆ ಅಲುಗಿಸುತ್ತವೆ, ಹುಸಿ ದಾಳಿ ಮಾಡುತ್ತವೆ. ಹಿಂದೆ ಸರಿಯದೆ, ಮುಂದಕ್ಕೂ ಹೋಗದೆ ಕೂತರೆ ಒಂದು ದಿನ ಅವು ಗಮನಿಸುವುದನ್ನೇ ಬಿಡುತ್ತವೆ. ಮರಿಯಿರುವ ಹೆಣ್ಣುಗಳು ಎಲ್ಲರಿಗಿಂತ ಕೊನೆಗೆ ಒಪ್ಪುತ್ತವೆ. ಇಷ್ಟಕ್ಕೆ ನಾಲ್ಕೈದು ವರ್ಷ ಬೇಕು, ಕೆಲವು ಕಡೆ ಇನ್ನೂ ಹೆಚ್ಚು. 2011ರಲ್ಲಿ ಸೊನ್ಸೊ ಪಕ್ಕದ ವೈಬಿರಾ ಗುಂಪಿಗೂ ಇದೇ ಕೆಲಸ ಆರಂಭವಾಯಿತು. ಅದೇ ವರ್ಷ ಸೊನ್ಸೊದ ಮುಖ್ಯ ಗಂಡು ನಿಕ್, ಪಾಚಿ ಕಿತ್ತು ಮುದ್ದೆ ಮಾಡಿ, ಹೊಂಡದ ನೀರಿನಲ್ಲಿ ಅದ್ದಿ ಹೀರಿ ಕುಡಿದದ್ದನ್ನು ಸಂಶೋಧಕರು ಕಂಡರು. ಅಲ್ಲಿಯವರೆಗೆ ಆ ಗುಂಪು ಸ್ಪಂಜಿನಂತೆ ಬಳಸುತ್ತಿದ್ದದ್ದು ಎಲೆಗಳನ್ನು. ಕೆಲವೇ ದಿನಗಳಲ್ಲಿ ಇನ್ನೂ ಹಲವು ಚಿಂಪಾಂಜಿಗಳು ಪಾಚಿಗೆ ಕೈಹಾಕಿದವು. ಒಂದು ಹೊಸ ರೂಢಿ ಹುಟ್ಟಿ ಹರಡುವುದನ್ನು ಕಣ್ಣೆದುರೇ ನೋಡಲು ಸಾಧ್ಯವಾದದ್ದು ಆ ಇಪ್ಪತ್ತು ವರ್ಷಗಳ ನಡಿಗೆಯಿಂದ.

ಸಂಶೋಧಕರ ಈ ವಿದ್ಯೆಯನ್ನು ಪ್ರವಾಸೋದ್ಯಮ 1990ರ ದಶಕದ ಆರಂಭದಲ್ಲಿ ಎತ್ತಿಕೊಂಡಿತು. ಬುಡೊಂಗೊದಲ್ಲಿ ಎರಡು ಜಾಗ ಆರಿಸಿದರು, ಬುಸಿಂಗಿರೊ ಮತ್ತು ಕನಿಯೊ-ಪಬಿಡಿ. ಬುಸಿಂಗಿರೊ ಈಗ ಹಕ್ಕಿ ನೋಡುವವರಿಗೇ ಹೆಚ್ಚು ಪರಿಚಿತ. ಕನಿಯೊ-ಪಬಿಡಿ ಮರ್ಚಿಸನ್ ಜಲಪಾತಕ್ಕೆ ಹೋಗುವ ದಾರಿಯಲ್ಲೇ ಇರುವುದರಿಂದ ನಿಂತಿತು. ಕಿಬಾಲೆಯ ಕನ್ಯಾಂಚುವಿನಲ್ಲಿ 1991ರಲ್ಲಿ ಕೆಲಸ ಶುರುವಾಯಿತು.

ಕಿಬಾಲೆಯೂ 1932ರಿಂದ ಮೀಸಲು ಅರಣ್ಯ, ಅಲ್ಲೂ ನಾಟಾ ಕಡಿದಿದ್ದರು. ಅದು ರಾಷ್ಟ್ರೀಯ ಉದ್ಯಾನವಾದದ್ದು 1993ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಕಾಡಿಗೆ ತಾಗಿದ ವನ್ಯಜೀವಿ ಕಾರಿಡಾರಿನಲ್ಲಿ ನೆಲೆಸಿದ್ದವರನ್ನು ಬಲವಂತವಾಗಿ ಎಬ್ಬಿಸಿದರು. ಸುಮಾರು 30 ಸಾವಿರ ಜನ ಎಂಬ ಅಂದಾಜಿದೆ. ಚಿಂಪಾಂಜಿ ನಡಿಗೆಯ ಕರಪತ್ರಗಳಲ್ಲಿ ಈ ವಿಷಯ ಕಾಣುವುದಿಲ್ಲ. 1996ರ ಕಾನೂನು ಉದ್ಯಾನದ ಪ್ರವೇಶ ಶುಲ್ಕದಲ್ಲಿ ಶೇ. 20ರಷ್ಟನ್ನು ಸುತ್ತಲ ಹಳ್ಳಿಗಳಿಗೆ ಕೊಡಬೇಕೆಂದಿತು. ಆ ಹಣದಲ್ಲಿ ಶಾಲೆ, ಆಸ್ಪತ್ರೆ ಕಟ್ಟಡಗಳು ಎದ್ದಿವೆ. ಆದರೆ ಊರಿಗೆ ಬರುವ ಕಟ್ಟಡವೂ ಬೆಳೆ ಹೋದ ಒಂದು ಮನೆಗೆ ಆಗುವ ನಷ್ಟವೂ ಬೇರೆಬೇರೆ ಲೆಕ್ಕ.

ನಡಿಗೆ ಹೇಗಿರುತ್ತದೆ ಎಂದರೆ, ಬಹುಪಾಲು ಕಿವಿಯ ಕೆಲಸ. ಚಿಂಪಾಂಜಿ ಪ್ರತಿ ರಾತ್ರಿ ಹೊಸ ಗೂಡು ಕಟ್ಟಿ ಮಲಗುತ್ತದೆ. ಸಂಜೆ ಅವು ಎಲ್ಲಿ ಮಲಗಿದವು ಎಂದು ಗುರುತಿಟ್ಟವರು ಬೆಳಕು ಹರಿಯುವ ಮುಂಚೆ ಅಲ್ಲಿಗೆ ಹೊರಡುತ್ತಾರೆ. ಗುರುತು ತಪ್ಪಿದರೆ ಕೂಗಿಗೆ ಕಾಯಬೇಕು. ಮೆಲ್ಲಗೆ ಉಸಿರೆಳೆಯುವ ಸದ್ದಿನಿಂದ ಶುರುವಾಗಿ ಕಿರುಚಾಟಕ್ಕೆ ಏರುವ ಆ ಕೂಗಿನ ಜೊತೆಗೇ ಹಲವು ಸಲ ಧಬ್ ಧಬ್ ಎಂಬ ಬಡಿತ ಕೇಳುತ್ತದೆ. ಗಂಡುಗಳು ದೊಡ್ಡ ಮರಗಳ ಹಲಗೆಯಂಥ ಬೇರಿಗೆ ಕೈಕಾಲಿನಿಂದ ಬಡಿಯುವ ಸದ್ದು ಅದು. ವೈಬಿರಾ ಗಂಡುಗಳ ಬಡಿತವನ್ನು ಅಳೆದು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದೊಂದಕ್ಕೂ ತನ್ನದೇ ಲಯವಿದೆ. ಬಡಿತ ಕೇಳಿಯೇ ಬಡಿದವನು ಯಾರೆಂದು ಹೇಳುವ ಅನುಭವಿ ಗೈಡುಗಳೂ ಇದ್ದಾರೆ. ಆಮೇಲಿನದು ನಿಯಮ: ಚಿಕ್ಕ ಗುಂಪು, ಮುಖಕ್ಕೆ ಮಾಸ್ಕ್, ಎಂಟು-ಹತ್ತು ಮೀಟರ್ ದೂರ, ನೆಗಡಿ ಇದ್ದವರಿಗೆ ಪ್ರವೇಶವಿಲ್ಲ.

ಆ ಕೊನೆಯ ನಿಯಮ ತೋರಿಕೆಗೆ ಬಂದದ್ದಲ್ಲ. ಮನುಷ್ಯರಿಗೆ ಮೂರು ದಿನ ಮೂಗು ಸೋರಿಸಿ ಹೋಗುವ ವೈರಸ್ಸು ಚಿಂಪಾಂಜಿಯನ್ನು ಕೊಲ್ಲಬಲ್ಲದು. ಐವರಿ ಕೋಸ್ಟಿನ ತಾಯ್ ಕಾಡಿನಲ್ಲಿ ಸತ್ತ ಚಿಂಪಾಂಜಿಗಳಲ್ಲಿ ಮನುಷ್ಯರ ಉಸಿರಾಟದ ವೈರಸ್‌ಗಳಿದ್ದವು ಎಂದು 2008ರಲ್ಲಿ ಸಾಬೀತಾಯಿತು. ಕಿಬಾಲೆಯ ಕನ್ಯಾವರ ಗುಂಪಿನಲ್ಲಿ 2013ರಲ್ಲಿ 56 ಚಿಂಪಾಂಜಿಗಳ ಪೈಕಿ ಐದು ಸತ್ತವು; ಕಾರಣ ರೈನೊವೈರಸ್ ಸಿ, ಮಕ್ಕಳಿಗೆ ನೆಗಡಿ ತರುವಂಥದ್ದು. 2016ರ ಕೊನೆ, 2017ರ ಆರಂಭದಲ್ಲಿ ಅದೇ ಕಾಡಿನ ಎನ್‌ಗೊಗೊ ಗುಂಪು ಮೆಟಾನ್ಯೂಮೊವೈರಸ್‌ಗೆ 25 ಸದಸ್ಯರನ್ನು ಕಳೆದುಕೊಂಡಿತು. ಗಮನಿಸಬೇಕಾದದ್ದು, ತಾಯ್, ಕನ್ಯಾವರ, ಎನ್‌ಗೊಗೊ ಮೂರೂ ಸಂಶೋಧನೆಯ ಗುಂಪುಗಳು, ಪ್ರವಾಸಿಗರ ಗುಂಪುಗಳಲ್ಲ. ಪ್ರವಾಸಿಗರನ್ನು ಮಾತ್ರ ಬೈಯುವುದು ಸುಲಭ. ಹೆದರಿಕೆ ಬಿಡಿಸಿದ ಮೇಲೆ ಹತ್ತಿರ ಬರುವವರು ಯಾರೇ ಆದರೂ, ವಿಜ್ಞಾನಿಯೇ ಆದರೂ, ಅಪಾಯ ಒಂದೇ. ಕೋವಿಡ್ ಬಂದಾಗ ಉಗಾಂಡ 2020ರ ಮಾರ್ಚಿನಲ್ಲಿ ವಾನರ ಪ್ರವಾಸೋದ್ಯಮ ನಿಲ್ಲಿಸಿ, ಬೇರೆ ಉದ್ಯಾನಗಳನ್ನು ತೆರೆದ ಮೇಲೂ ವಾನರಗಳ ಉದ್ಯಾನಗಳನ್ನು ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟದ್ದು ಇದೇ ಭಯದಿಂದ.

ಬುಡೊಂಗೊದಲ್ಲಿ ರೋಗಕ್ಕಿಂತ ಕಣ್ಣಿಗೆ ಕಾಣುವ ಗಾಯ ಉರುಳಿನದು. ಮಲೆನಾಡಿನಲ್ಲಿ ಹಂದಿಗೆ ಇಟ್ಟ ಉರುಳಿಗೆ ಚಿರತೆ ಬೀಳುವಂತೆ, ಅಲ್ಲಿ ಸಣ್ಣ ಕಾಡುಕುರಿಗೆ, ಹಂದಿಗೆ ಇಟ್ಟ ತಂತಿಗೆ ಚಿಂಪಾಂಜಿಯ ಕೈ ಸಿಗುತ್ತದೆ. ತಂತಿ ಹಲವು ಸಲ ಸೈಕಲ್ ಬ್ರೇಕಿನದು. ಚಿಂಪಾಂಜಿಗೆ ಬಲವಿದೆ, ಜಗ್ಗಿ ಗೂಟ ಕೀಳುತ್ತದೆ, ಆದರೆ ಕುಣಿಕೆ ಮಣಿಕಟ್ಟಿನಲ್ಲೇ ಉಳಿದು ಮಾಂಸಕ್ಕೆ ಇಳಿಯುತ್ತದೆ. ಬೆರಳು ಮಡಚಿಹೋಗುತ್ತದೆ, ಇಲ್ಲವೇ ಕೈಯೇ ಕಳಚಿಬೀಳುತ್ತದೆ. ಸೊನ್ಸೊ ಗುಂಪಿನಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಚಿಂಪಾಂಜಿಗೆ ಇಂಥ ಊನವಿದೆ. ಸುಮಾರು 2000ದಿಂದ ಉರುಳು ಕೀಳುವ ತಂಡಗಳು ಕಾಡು ಸುತ್ತುತ್ತಿವೆ. ಬೇಟೆ ಬಿಟ್ಟವರಿಗೆ ಸಾಕಲು ಆಡು ಕೊಡುವ ಯೋಜನೆಯೂ ನಡೆಯಿತು. ಮಾಂಸ ಬೇಕಾದವನಿಗೆ ಉಪದೇಶಕ್ಕಿಂತ ಆಡು ಮೇಲು ಎಂದು ಯಾರಿಗೋ ಹೊಳೆದದ್ದು ಒಳ್ಳೆಯದೇ ಆಯಿತು.

ಕಾಡಿನ ಅಂಚು ಬದಲಾದದ್ದು ಕಬ್ಬಿನಿಂದ. ಮಸಿಂಡಿ ಬಳಿಯ ಕಿನ್ಯಾರಾ ಸಕ್ಕರೆ ಕಾರ್ಖಾನೆ 1990ರ ದಶಕದಲ್ಲಿ ಮತ್ತೆ ಚಾಲೂ ಆದ ಮೇಲೆ ರೈತರು ಕಾಡಿನ ಗಡಿಯವರೆಗೂ ಕಬ್ಬು ಹಾಕಿದರು, ಕಾಡುಗಳ ನಡುವೆ ಕೊಂಡಿಯಂತಿದ್ದ ಹೊಳೆದಂಡೆಯ ಮರಗಳು ಹೋದವು. ನಿಶಿದಾ ಮಹಾಲೆಯಲ್ಲಿ ಬೇಕೆಂದೇ ಒಡ್ಡಿದ್ದ ಕಬ್ಬನ್ನು ಇಲ್ಲಿ ಯಾರೂ ಒಡ್ಡದೆಯೇ ಚಿಂಪಾಂಜಿಗಳು ತಿನ್ನತೊಡಗಿದವು. ಗದ್ದೆಯವರು ಹಲ್ಲಿರುವ ಉಕ್ಕಿನ ಬೋನು ಇಟ್ಟರು. ಬುಡೊಂಗೊದ ದಕ್ಷಿಣಕ್ಕೆ ಬುಲಿಂಡಿಯಂಥ ಕಡೆ ಚಿಂಪಾಂಜಿಗಳು ಹಳ್ಳಿಗಳ ನಡುವಿನ ತುಂಡು ಕಾಡುಗಳಲ್ಲೇ ಬದುಕುತ್ತಿವೆ. ಪಶ್ಚಿಮ ಉಗಾಂಡದಲ್ಲಿ ಅವು ಮಕ್ಕಳ ಮೇಲೆ ಎರಗಿದ, ಕೊಂದ ಪ್ರಕರಣಗಳೂ ಇವೆ. ಪರ್ಮಿಟ್ ಕೊಂಡು ನೋಡುವ ಪ್ರಾಣಿಯೂ ಅಲ್ಲಿಯ ತಾಯಂದಿರು ಹೆದರುವ ಪ್ರಾಣಿಯೂ ಒಂದೇ. ಇದನ್ನು ಬಿಟ್ಟು ಸಂರಕ್ಷಣೆಯ ಮಾತಾಡಿದರೆ ಅದು ಅರ್ಧ ಮಾತು.

ಕಾಡಿನ ನಂಟು ಎಷ್ಟು ದೂರ ಎಳೆದುಕೊಂಡು ಹೋಗುತ್ತದೆ ಎಂಬುದಕ್ಕೆ ಸೊನ್ಸೊದ್ದೇ ಒಂದು ಪ್ರಸಂಗವಿದೆ. ಅಲ್ಲಿಯ ಚಿಂಪಾಂಜಿಗಳು ಸತ್ತ ರಾಫಿಯಾ ತಾಳೆಮರದ ಕೊಳೆತ ತಿರುಳನ್ನು ತಿನ್ನುತ್ತಿದ್ದವು, ಅದರಲ್ಲಿ ಉಪ್ಪಿನ ಅಂಶವಿತ್ತು. ಸುತ್ತಲ ರೈತರು ತಂಬಾಕು ಬೆಳೆಯತೊಡಗಿದಾಗ ಎಲೆ ಒಣಹಾಕಲು ದಾರ ಬೇಕಾಯಿತು. ಅದಕ್ಕೆ ರಾಫಿಯಾ ಗರಿ ಕಡಿದರು, ಕಡಿದು ಕಡಿದು ಮರವೇ ಅಪರೂಪವಾಯಿತು. ಚಿಂಪಾಂಜಿಗಳು ಉಪ್ಪಿಗೆ ಬೇರೆ ದಾರಿ ಹುಡುಕಿದವು: ಜೇಡಿಮಣ್ಣು, ಮರದ ಪೊಟರೆಯೊಂದರಲ್ಲಿ ನೆಲೆಸಿದ್ದ ಬಾವಲಿಗಳ ಹಿಕ್ಕೆ. 2017ರಿಂದ 2019ರವರೆಗೆ ಕ್ಯಾಮೆರಾ ಇಟ್ಟು ಇದನ್ನು ದಾಖಲಿಸಿದರು. ಹಿಕ್ಕೆಯನ್ನು ಪರೀಕ್ಷಿಸಿದಾಗ 27 ವೈರಸ್‌ಗಳು ಸಿಕ್ಕವು, ಅವುಗಳಲ್ಲೊಂದು ಕೊರೊನಾ ವೈರಸ್‌ಗಳ ಬಳಗದ್ದು. ಅಧ್ಯಯನ ಪ್ರಕಟವಾದದ್ದು 2024ರಲ್ಲಿ. ಚಿಂಪಾಂಜಿಗಳಿಗೆ ಅದರಿಂದ ಕಾಯಿಲೆ ಬಂದದ್ದಕ್ಕೆ ಪುರಾವೆ ಸಿಕ್ಕಿಲ್ಲ. ಮಾಸ್ಕ್ ಹಾಕಿಕೊಂಡು ಹತ್ತು ಮೀಟರ್ ದೂರ ನಿಲ್ಲುವ ಪ್ರವಾಸಿಗನ ನಿಯಮಪಟ್ಟಿ ಮಾತ್ರ ಈ ದಾರಿಯನ್ನು ಮುಚ್ಚಲಾರದು.

ಈಗ ಆಲ್ಬರ್ಟ್ ಸರೋವರದ ದಡದಲ್ಲಿ ತೈಲ ಸಿಕ್ಕಿದೆ. ಮಸಿಂಡಿಯಿಂದ ಕಾಡು ಹಾದು ಬುಲೀಸಾ ಕಡೆ ಹೋಗುವ ದಾರಿಗೆ ಡಾಂಬರು ಬಿದ್ದಿದೆ. ಕನಿಯೊ-ಪಬಿಡಿ ಇರುವುದು ಅದೇ ದಾರಿಯ ಬದಿಗೆ. ಪ್ರವಾಸಿಗರು ಬೇಗ ಮುಟ್ಟುತ್ತಾರೆ, ಗಾಡಿಗಳು ವೇಗವಾಗಿ ಓಡುತ್ತವೆ. ಬುಡೊಂಗೊದ ಆರುನೂರು, ಏಳುನೂರು ಚಿಂಪಾಂಜಿಗಳಲ್ಲಿ ಮನುಷ್ಯರಿಗೆ ಹೆದರದವು ಕೆಲವೇ ಗುಂಪುಗಳವು. ಮಿಕ್ಕವು ಇವತ್ತಿಗೂ ನಮ್ಮ ಸದ್ದು ಕೇಳಿದರೆ ಓಡುತ್ತವೆ.