ಕೋಕಾ ಸಾಲು ಎಲ್ಲಿ ಹೋಯ್ತು? ಮೊಬೈಲ್ ಆ್ಯಪ್‌ನ ಫುಲ್ ಸ್ಕ್ರೀನ್ ಹಿಂದಿನ ಕಥೆ

ಕೊನೆಕೊಯ್ಲು ಮುಗಿಯುವ ಹೊತ್ತಿಗೆ ದೊಡ್ಡಪ್ಪ ಹೊಸ ಫೋನ್ ತಗೊಂಡರು. ಮೂರನೇ ದಿನ ಬೆಳಿಗ್ಗೆಯೇ ಕರೆ ಬಂತು. "ತಮಾ, ನಿನ್ನ ಆ್ಯಪಲ್ಲಿ ಕೋಕಾ ರೇಟೇ ಕಾಣ್ತಿಲ್ಲೆ, ತೆಗದು ಹಾಕಿದ್ಯ?"

ನಾನಿರುವುದು ಶಿರಸಿಯಲ್ಲಿ. ಮನೆಯಲ್ಲೇ ಕೂತು ಆ್ಯಪ್ ಮಾಡುವ ಕೆಲಸ. ಅದರ ನಡುವೆ ಊರವರಿಗಾಗಿ ಅಡಿಕೆ ದರ ತೋರಿಸುವ ಒಂದು ಚಿಕ್ಕ ಆ್ಯಪ್ ಮಾಡಿಟ್ಟಿದ್ದೇನೆ. ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ, ಹೀಗೆ ಅಡಿಕೆಯ ಒಂದೊಂದು ಬಗೆಗೆ ಒಂದರ ಕೆಳಗೆ ಒಂದು ಸಾಲು, ಪಕ್ಕದಲ್ಲಿ ಆ ದಿನದ ಕನಿಷ್ಠ ದರ, ಗರಿಷ್ಠ ದರ. ವಯಸ್ಸಾದವರ ಕಣ್ಣಿಗೆ ಬೇಕು ಅಂತ ಅಕ್ಷರ ದೊಡ್ಡದಾಗಿ ಇಟ್ಟಿದ್ದೆ, ಹಾಗಾಗಿ ಏಳು ಸಾಲಿಗೇ ಪರದೆ ತುಂಬಿ ಹೋಗುತ್ತದೆ.

ಸಂಜೆ ಅವರ ಮನೆಗೆ ಹೋದೆ. ಜಗುಲಿ ಮೇಲೆ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ಕೈ ಒರೆಸಿಕೊಂಡು ಫೋನ್ ಕೊಟ್ಟರು. ನೋಡಿದರೆ ಕೋಕಾ ಸಾಲು ಇತ್ತು, ಆದರೆ ಪರದೆಯ ತೀರಾ ಕೆಳಗೆ, ಬ್ಯಾಕ್, ಹೋಂ, ರೀಸೆಂಟ್ ಅನ್ನುವ ಮೂರು ಬಟನ್‌ಗಳ ಹಿಂದೆ ಮಸುಕಾಗಿ ಕೂತಿತ್ತು. ಮೇಲಕ್ಕೆ ಎಳೆದರೆ ಒಂದು ಚೂರು ಬರುತ್ತದೆ, ಬೆರಳು ಬಿಟ್ಟರೆ ವಾಪಸ್ ಕೆಳಗೆ. ನನ್ನ ಫೋನಿನಲ್ಲಿ ಬಟನ್ ಇಲ್ಲ, ಬೆರಳು ಜಾರಿಸಿ ಹಿಂದೆ ಹೋಗುವ ವ್ಯವಸ್ಥೆ, ಕೆಳಗೆ ಒಂದು ತೆಳು ಗೆರೆ ಮಾತ್ರ. ಹಾಗಾಗಿ ಪರೀಕ್ಷೆ ಮಾಡುವಾಗ ನನಗೆ ಗೊತ್ತೇ ಆಗಿರಲಿಲ್ಲ.

ಇದು ನನ್ನ ಆ್ಯಪ್‌ನ ತಪ್ಪು, ಸರಿಮಾಡಿದೆ. ಆದರೆ ಯಾಕೆ ಹೀಗಾಯ್ತು ಅಂತ ಹೇಳಬೇಕಾದರೆ ಸುಮಾರು ಹದಿನೆಂಟು ವರ್ಷ ಹಿಂದೆ ಹೋಗಬೇಕು. ಪರದೆಯ ಅಂಚು ಯಾರದ್ದು ಅನ್ನುವ ಪ್ರಶ್ನೆ ಅಲ್ಲಿಂದಲೇ ಶುರುವಾಗಿದೆ.

2007ರಲ್ಲಿ ಮೊದಲ ಐಫೋನ್ ಬಂದಾಗ ಪರದೆ ಮೂರೂವರೆ ಇಂಚು, 320 ಪಿಕ್ಸೆಲ್ ಅಡ್ಡ, 480 ಪಿಕ್ಸೆಲ್ ಉದ್ದ. ಮೇಲೆ ಗಡಿಯಾರ, ಸಿಗ್ನಲ್, ಬ್ಯಾಟರಿ ತೋರಿಸುವ 20 ಪಿಕ್ಸೆಲ್ ಎತ್ತರದ ಸ್ಟೇಟಸ್ ಬಾರ್. ಅದು ಸಿಸ್ಟಮ್‌ನ ಜಾಗ, ಉಳಿದದ್ದು ಆ್ಯಪ್‌ನ ಜಾಗ, ನಡುವೆ ಬೇಲಿ ಹಾಕಿದ ಹಾಗೆ ಗಡಿ ಗೊತ್ತಿತ್ತು. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಹೋಂ, ಬ್ಯಾಕ್, ಮೆನು ಎಲ್ಲ ಒತ್ತುವ ನಿಜವಾದ ಬಟನ್‌ಗಳು, ಪರದೆಯ ಹೊರಗೇ ಇದ್ದವು. ಆಗ ಫುಲ್ ಸ್ಕ್ರೀನ್ ಅಂದರೆ ಮೇಲಿನ ಆ ಒಂದು ಪಟ್ಟಿ ತೆಗೆಯುವುದು, ಅಷ್ಟೇ. ಆ್ಯಪ್ ಹೇಗೆ ಕಾಣಬೇಕು ಅಂತ ಹೇಳುವ ಥೀಮ್‌ನಲ್ಲಿ ಫುಲ್‌ಸ್ಕ್ರೀನ್ ಅಂತ ಒಂದು ಸಾಲು ಬರೆದರೆ ಕೆಲಸ ಮುಗಿಯಿತು.

ಮೊದಲ ತೊಂದರೆ ಬಂದದ್ದು ಪರದೆ ಉದ್ದ ಆದಾಗ. 2012ರ ಐಫೋನ್ 5ರಲ್ಲಿ ಅಗಲ ಹಿಂದಿನಷ್ಟೇ 640 ಪಿಕ್ಸೆಲ್, ಉದ್ದ ಮಾತ್ರ 960ರಿಂದ 1136ಕ್ಕೆ ಏರಿತು. ಹಳೆಯ ಆ್ಯಪ್‌ಗಳಿಗೆ ಈ ಹೆಚ್ಚುವರಿ 176 ಪಿಕ್ಸೆಲ್ ಏನು ಮಾಡಬೇಕು ಅಂತ ಗೊತ್ತಿಲ್ಲ. ಹಾಗಾಗಿ ಫೋನೇ ಅವನ್ನು ನಡುವೆ ಕೂರಿಸಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡುತ್ತಿತ್ತು. ಇದನ್ನು ತಪ್ಪಿಸುವ ದಾರಿ ವಿಚಿತ್ರವಾಗಿತ್ತು: ಆ್ಯಪ್ ತೆರೆಯುವಾಗ ಒಂದು ಕ್ಷಣ ಕಾಣುವ ಚಿತ್ರವನ್ನು ಹೊಸ ಅಳತೆಯಲ್ಲಿ, ಹೆಸರಿನಲ್ಲಿ 568 ಅನ್ನುವ ಸಂಖ್ಯೆ ಇರುವ ಹಾಗೆ ಸೇರಿಸಬೇಕು. ಆ ಒಂದು ಫೈಲ್ ಕಂಡರೆ ಈ ಆ್ಯಪ್‌ಗೆ ಉದ್ದ ಪರದೆ ಗೊತ್ತು ಅಂತ ಫೋನ್ ನಂಬುತ್ತಿತ್ತು. ಕೋಡ್ ಎಲ್ಲ ಸರಿ ಇದ್ದೂ ಆ ಚಿತ್ರ ಮರೆತು ಕಪ್ಪು ಪಟ್ಟಿ ಯಾಕೆ ಬರುತ್ತಿದೆ ಅಂತ ದಿನಗಟ್ಟಲೆ ಹುಡುಕಿದವರು ಬಹಳ ಜನ.

ಆಂಡ್ರಾಯ್ಡ್ ಕಡೆ ಬೇರೆ ಕಥೆ. 2011ರಲ್ಲಿ ಬಂದ 4.0ರಲ್ಲಿ ಬಟನ್‌ಗಳು ಪರದೆಯ ಒಳಗೇ ಬಂದವು. ಈಗ ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ. ವಿಡಿಯೊ ನೋಡುವವರಿಗೆ, ಆಟ ಆಡುವವರಿಗೆ ಇದು ಕಿರಿಕಿರಿ. ಕೆಳಗಿನ ಪಟ್ಟಿ ಅಡಗಿಸಲು ದಾರಿ ಕೊಟ್ಟಿದ್ದರು, ಆದರೆ ಪರದೆಯ ಎಲ್ಲೇ ಮುಟ್ಟಿದರೂ ಪಟ್ಟಿ ಮತ್ತೆ ಎದ್ದು ಬರುತ್ತಿತ್ತು. ಮುಟ್ಟದೇ ಸುಮ್ಮನೆ ನೋಡುವ ವಿಡಿಯೊಗೆ ಅಡ್ಡಿಯಿಲ್ಲ. ಆದರೆ ಮುಟ್ಟುವುದೇ ಆಟ ಆದಾಗ ಏನು ಪ್ರಯೋಜನ?

2013ರ 4.4, ಅಂದರೆ ಕಿಟ್‌ಕ್ಯಾಟ್‌ನಲ್ಲಿ ಇಮ್ಮರ್ಸಿವ್ ಮೋಡ್ ಬಂತು. ಎರಡೂ ಪಟ್ಟಿ ಹೋಗುತ್ತವೆ, ಮುಟ್ಟಿದರೂ ಬರುವುದಿಲ್ಲ, ಅಂಚಿನಿಂದ ಒಳಕ್ಕೆ ಬೆರಳು ಎಳೆದರೆ ಮಾತ್ರ ಬರುತ್ತವೆ. ಸ್ಟಿಕಿ ಅನ್ನುವ ಇನ್ನೊಂದು ಬಗೆಯಲ್ಲಿ ಪಟ್ಟಿ ಅರೆಪಾರದರ್ಶಕವಾಗಿ ಬಂದು ಸ್ವಲ್ಪ ಹೊತ್ತಿಗೆ ತಾನೇ ಹೋಗುತ್ತದೆ. ಮೊದಲ ಸಲ ಫುಲ್ ಸ್ಕ್ರೀನ್ ಆದಾಗ ಹೊರಗೆ ಬರಲು ಮೇಲಿನಿಂದ ಎಳೆಯಿರಿ ಅಂತ ಒಂದು ಸೂಚನೆಯನ್ನೂ ಫೋನೇ ತೋರಿಸುತ್ತದೆ. ಅದನ್ನು ಆ್ಯಪ್ ತೆಗೆಯುವ ಹಾಗಿಲ್ಲ. ಬಹಳ ಜನ ಡೆವಲಪರ್‌ಗಳಿಗೆ ಈ ಸೂಚನೆ ಕಂಡರೆ ಆಗುವುದಿಲ್ಲ, ಆದರೆ ಅದು ಇರಲೇಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಪರದೆ ಪೂರ್ತಿ ತುಂಬಿದ ಆ್ಯಪ್ ಏನು ಬೇಕಾದರೂ ಆಗಿ ಕಾಣಬಹುದು, ಫೋನಿನ ಲಾಕ್ ಪರದೆ ಆಗಿ, ಬ್ಯಾಂಕಿನ ಪುಟ ಆಗಿ. ಹೊರಬರುವ ದಾರಿ ಯಾವಾಗಲೂ ಫೋನ್ ಹಿಡಿದವರ ಕೈಯಲ್ಲೇ ಇರಬೇಕು. ಬ್ರೌಸರ್‌ನಲ್ಲಿ ಯಾವುದಾದರೂ ಪುಟ ಫುಲ್ ಸ್ಕ್ರೀನ್ ಆದಾಗ ಸೂಚನೆ ಬರುವುದೂ ಇದೇ ಕಾರಣಕ್ಕೆ.

ಬ್ರೌಸರ್ ಅಂದಾಗ ನೆನಪಾಯ್ತು. ನನ್ನ ಅಡಿಕೆ ಆ್ಯಪ್ ಮೊದಲು ಒಂದು ವೆಬ್ ಪುಟ ಆಗಿತ್ತು, ಹೋಂ ಸ್ಕ್ರೀನಿಗೆ ಸೇರಿಸಿಕೊಂಡರೆ ಆ್ಯಪ್ ಹಾಗೆ ತೆರೆಯುತ್ತಿತ್ತು. ಮ್ಯಾನಿಫೆಸ್ಟ್ ಅನ್ನುವ ಚಿಕ್ಕ ಫೈಲ್‌ನಲ್ಲಿ ಡಿಸ್‌ಪ್ಲೇ ಮುಂದೆ ಸ್ಟ್ಯಾಂಡಲೋನ್ ಅಂತ ಬರೆದರೆ ವಿಳಾಸದ ಪಟ್ಟಿ ಹೋಗುತ್ತದೆ, ಫುಲ್‌ಸ್ಕ್ರೀನ್ ಅಂತ ಬರೆದರೆ ಆಂಡ್ರಾಯ್ಡ್‌ನಲ್ಲಿ ಗಡಿಯಾರವೂ ಹೋಗುತ್ತದೆ. ಬ್ರೌಸರಿನಲ್ಲೇ ನೋಡುವವರಿಗೆ ಮಾತ್ರ ಆಗಲೂ ಕೊನೆಯ ಸಾಲಿನ ಗೋಳು ಇತ್ತು. ಪುಟದ ಎತ್ತರ ಪರದೆಯ ನೂರಕ್ಕೆ ನೂರು ಅಂತ ಬರೆದರೆ, ವಿಳಾಸದ ಪಟ್ಟಿ ಇಲ್ಲದಾಗಿನ ಎತ್ತರವನ್ನು ಬ್ರೌಸರ್ ಲೆಕ್ಕ ಹಿಡಿಯುತ್ತಿತ್ತು. ಪಟ್ಟಿ ಕಾಣುವಾಗ ಕೆಳಗಿನ ಭಾಗ ಪರದೆಯಿಂದ ಆಚೆ. ಪಟ್ಟಿ ಬಂದಾಗ, ಹೋದಾಗ ಎತ್ತರ ತಾನೇ ಹೊಂದಿಕೊಳ್ಳುವ ಹೊಸ ಅಳತೆಗಳು ಸಫಾರಿಗೂ ಕ್ರೋಮ್‌ಗೂ ಬಂದದ್ದು 2022ರಲ್ಲಿ.

2017ರಲ್ಲಿ ಎಲ್ಲ ಒಟ್ಟಿಗೆ ಬದಲಾಯಿತು. ಅಲ್ಲಿವರೆಗೆ ಹೆಚ್ಚಿನ ಫೋನ್‌ಗಳ ಉದ್ದ ಅಗಲದ ಅನುಪಾತ 16:9 ಇತ್ತು, ಆ ವರ್ಷ 18:9, 18.5:9 ಫೋನ್‌ಗಳು ಬಂದವು. ಹಳೆಯ ಆಂಡ್ರಾಯ್ಡ್ ಆ್ಯಪ್‌ಗಳು ತಾವಾಗಿ ಏನೂ ಹೇಳದಿದ್ದರೆ, ಉದ್ದ ಅಗಲದ 1.86 ಪಟ್ಟು ಮೀರದ ಪರದೆಯಲ್ಲಿ ಮಾತ್ರ ಪೂರ್ತಿ ಹರಡುತ್ತಿದ್ದವು. 18:9 ಅಂದರೆ 2 ಪಟ್ಟು. ಆದ್ದರಿಂದ ಹೊಸ ಫೋನಿನಲ್ಲಿ ಹಳೆ ಆ್ಯಪ್ ತೆರೆದರೆ ಮತ್ತೆ ಅದೇ ಕಪ್ಪು ಪಟ್ಟಿ. ಆ್ಯಪ್‌ನ ಮ್ಯಾನಿಫೆಸ್ಟ್‌ನಲ್ಲಿ ಗರಿಷ್ಠ ಅನುಪಾತ 2.1 ಅಂತ ಒಂದು ಸಾಲು ಸೇರಿಸಿದರೆ ಪರಿಹಾರ. ಕೆಲವು ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ಫುಲ್ ಸ್ಕ್ರೀನ್ ಆ್ಯಪ್ಸ್ ಅಂತ ಒಂದು ಪುಟ ಇರುವುದು ಇದಕ್ಕೇ. ಈಗಲೂ ಯಾರದ್ದಾದರೂ ಫೋನಿನಲ್ಲಿ ಹಳೆಯ ಆ್ಯಪ್ ಕಪ್ಪು ಪಟ್ಟಿಯೊಂದಿಗೆ ತೆರೆದರೆ ಮೊದಲು ಅಲ್ಲಿ ನೋಡಿ.

ಅದೇ ವರ್ಷದ ಕೊನೆಗೆ ಐಫೋನ್ ಎಕ್ಸ್ ಬಂತು. ಹೋಂ ಬಟನ್ ಹೋಯಿತು, ಪರದೆಯ ನೆತ್ತಿಯಲ್ಲಿ ಕ್ಯಾಮೆರಾಗೆ ಒಂದು ಕಚ್ಚು ಬಂತು, ಮೂಲೆಗಳು ದುಂಡಗಾದವು. ಪರದೆ ಆಯತಾಕಾರ ಅಂತ ಹತ್ತು ವರ್ಷ ನಂಬಿಕೊಂಡು ಬರೆದ ಕೋಡ್ ಎಲ್ಲ ಒಮ್ಮೆಲೇ ಹಳತಾಯಿತು. ಆಗ ಆ್ಯಪಲ್ ಕೊಟ್ಟ ಉತ್ತರ ಸೇಫ್ ಏರಿಯಾ. ಹಿನ್ನೆಲೆಯ ಬಣ್ಣ, ಚಿತ್ರ ಎಲ್ಲ ಅಂಚಿನವರೆಗೆ ಹರಡಲಿ, ಓದುವ ಅಕ್ಷರ ಮತ್ತು ಒತ್ತುವ ಬಟನ್ ಮಾತ್ರ ಈ ಗೆರೆಯ ಒಳಗಿರಲಿ ಅನ್ನುವ ನಿಯಮ. ಕಚ್ಚನ್ನು ಮುಚ್ಚಲು ಮೇಲೆ ಕಪ್ಪು ಪಟ್ಟಿ ಹಾಕಬೇಡಿ ಅಂತಲೂ ಹೇಳಿದರು. 2018ರ ಆಂಡ್ರಾಯ್ಡ್ 9 ಕೂಡ ಕಚ್ಚಿಗೆ ಒಂದು ಲೆಕ್ಕ ಕೊಟ್ಟಿತು: ಒಂದು ಅಂಚಿಗೆ ಒಂದೇ ಕಚ್ಚು, ಒಟ್ಟು ಎರಡು, ಉದ್ದದ ಬದಿಗಳಲ್ಲಿ ಇರಕೂಡದು.

ನನಗೆ ಇಲ್ಲಿ ನಮ್ಮ ಕಡೆಯ ಸೊಪ್ಪಿನ ಬೆಟ್ಟ ನೆನಪಾಗುತ್ತದೆ. ತೋಟದವರು ಅಲ್ಲಿಂದ ಸೊಪ್ಪು, ದರಕು ತರಬಹುದು, ಅದು ತಲೆಮಾರಿನಿಂದ ಬಂದ ಹಕ್ಕು. ಜಾಗದ ಒಡೆತನ ಮಾತ್ರ ಸರ್ಕಾರದ್ದು, ಅಲ್ಲಿ ಮನೆ ಕಟ್ಟುವ ಹಾಗಿಲ್ಲ. ಪರದೆಯ ಅಂಚೂ ಈಗ ಹಾಗೇ ಆಗಿದೆ. ನಿನ್ನ ಬಣ್ಣ ಅಲ್ಲಿವರೆಗೆ ಹರಡಬಹುದು, ನಿನ್ನ ಬಟನ್ ಅಲ್ಲಿ ಇಡುವ ಹಾಗಿಲ್ಲ.

2019ರ ಆಂಡ್ರಾಯ್ಡ್ 10ರಲ್ಲಿ ಎರಡು ಬದಿಯ ಅಂಚುಗಳೂ ಸಿಸ್ಟಮ್‌ಗೆ ಹೋದವು. ಎಡದಿಂದಲೋ ಬಲದಿಂದಲೋ ಬೆರಳು ಜಾರಿಸಿದರೆ ಹಿಂದಿನ ಪುಟ. ಎಡ ಅಂಚಿನಿಂದ ಮೆನು ಎಳೆಯುವ ಆ್ಯಪ್‌ಗಳಿಗೆ ಇದು ನೇರ ಪೆಟ್ಟು, ಮೆನು ತೆಗೆಯಲು ಹೋದರೆ ಆ್ಯಪ್‌ನಿಂದಲೇ ಹೊರಗೆ. ಇಷ್ಟು ಜಾಗ ನನಗೆ ಬಿಡು ಅಂತ ಆ್ಯಪ್ ಕೇಳಬಹುದು, ಆದರೆ ಒಂದು ಅಂಚಿಗೆ 200 ಡಿಪಿಗಿಂತ (ಡಿಪಿ ಅಂದರೆ ಆಂಡ್ರಾಯ್ಡ್‌ನಲ್ಲಿ ಪರದೆ ಅಳೆಯುವ ಮಾನ) ಜಾಸ್ತಿ ಕೊಡುವುದಿಲ್ಲ. ಮರುವರ್ಷ 11ರಲ್ಲಿ ಪಟ್ಟಿ ಅಡಗಿಸುವ ಹಳೆಯ ವಿಧಾನವನ್ನೇ ಬದಿಗಿಟ್ಟು ಹೊಸದನ್ನು ತಂದರು. ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಸಿಗುವ ಉತ್ತರಗಳಲ್ಲಿ ಬಹಳಷ್ಟು ಈಗ ಹಳತಾಗಿರುವುದು ಈ ಕಾರಣಕ್ಕೇ, ಅವೆಲ್ಲ ಕಿಟ್‌ಕ್ಯಾಟ್ ಕಾಲದವು.

ಕೊನೆಗೆ ಬಂದದ್ದು ದೊಡ್ಡಪ್ಪನ ಫೋನ್‌ವರೆಗೆ ತಲುಪಿದ ಬದಲಾವಣೆ. 2024ರ ಆಂಡ್ರಾಯ್ಡ್ 15ರಿಂದ, ಆ ಆವೃತ್ತಿಗಾಗಿ ತಯಾರಾದ ಪ್ರತಿ ಆ್ಯಪ್ ಕೇಳಲಿ ಬಿಡಲಿ ಅಂಚಿನಿಂದ ಅಂಚಿಗೆ ಹರಡುತ್ತದೆ. ಸ್ಟೇಟಸ್ ಬಾರ್ ಪಾರದರ್ಶಕ. ಮೂರು ಬಟನ್ ಇರುವ ಫೋನಿನಲ್ಲಿ ಕೆಳಗಿನ ಪಟ್ಟಿ 80% ಗಾಢ, ಹಿಂದಿನದ್ದು ಮಸುಕಾಗಿ ಕಾಣುತ್ತದೆ. ಇನ್ನು 2025ರ ಆಗಸ್ಟ್ 31ರಿಂದ ಪ್ಲೇ ಸ್ಟೋರ್‌ಗೆ ಹೊಸ ಆ್ಯಪ್ ಅಥವಾ ಅಪ್‌ಡೇಟ್ ಹಾಕಬೇಕಾದರೆ ಅದು ಕನಿಷ್ಠ ಆಂಡ್ರಾಯ್ಡ್ 15ಕ್ಕೆ ತಯಾರಾಗಿರಲೇಬೇಕು. ಆ್ಯಪ್ ಯಾವ ಆಂಡ್ರಾಯ್ಡ್‌ಗೆ ತಯಾರು ಅಂತ ಹೇಳುವ ಸಂಖ್ಯೆಯನ್ನು ನಾನು 35ಕ್ಕೆ, ಅಂದರೆ ಆಂಡ್ರಾಯ್ಡ್ 15ಕ್ಕೆ, ಏರಿಸಿ ಅಪ್‌ಡೇಟ್ ಹಾಕಿದ್ದೆ. ದೊಡ್ಡಪ್ಪನ ಹಳೆಯ ಫೋನಿನಲ್ಲಿ ಹಳೆಯ ಆಂಡ್ರಾಯ್ಡ್ ಇದ್ದದ್ದರಿಂದ ಏನೂ ಆಗಲಿಲ್ಲ. ಹೊಸ ಫೋನ್ ಬಂದ ಕೂಡಲೇ ಕೋಕಾ ಬಟನ್‌ಗಳ ಹಿಂದೆ ಹೋಯಿತು.

ತಪ್ಪಿಸಿಕೊಳ್ಳಲು ಥೀಮ್‌ನಲ್ಲಿ ಬರೆಯುವ ಒಂದು ಸಾಲು ಇದೆ. ಆದರೆ ಆಂಡ್ರಾಯ್ಡ್ 16ಕ್ಕೆ ತಯಾರಾದ ಆ್ಯಪ್‌ಗೆ ಆ ಸಾಲು ನಡೆಯುವುದಿಲ್ಲ. ಇವತ್ತು ಅದನ್ನು ಹಾಕಿ ಕೂತರೆ ಮುಂದೊಂದು ದಿನ ಇದೇ ಕೆಲಸ ಮತ್ತೆ ಮಾಡಬೇಕು. ಸರಿಯಾದ ದಾರಿ ಇನ್‌ಸೆಟ್ ಕೇಳುವುದು. ಕೆಳಗಿನ ಪಟ್ಟಿ ಎಷ್ಟು ಎತ್ತರ ಇದೆ ಅಂತ ಫೋನನ್ನೇ ಕೇಳಿ, ಅಷ್ಟು ಜಾಗ ಬಿಡುವುದು. ಸಾಮಾನ್ಯವಾಗಿ ಮೂರು ಬಟನ್‌ನ ಪಟ್ಟಿ 48 ಡಿಪಿ, ಆದರೆ ಆ ಸಂಖ್ಯೆಯನ್ನು ಕೋಡ್‌ನಲ್ಲಿ ಬರೆದಿಡಬಾರದು, ಫೋನಿಂದ ಫೋನಿಗೆ ಬದಲಾಗುತ್ತದೆ.

ಜಾಗ ಎಲ್ಲಿ ಬಿಡಬೇಕು ಅನ್ನುವುದೂ ಮುಖ್ಯ. ಮೊದಲು ನಾನು ಇಡೀ ಪುಟಕ್ಕೇ ಕೆಳಗೆ ಜಾಗ ಬಿಟ್ಟೆ. ಕೋಕಾ ಕಂಡಿತು, ಆದರೆ ಬಟನ್‌ಗಳ ಹಿಂದೆ ಒಂದು ಬೋಳು ಪಟ್ಟಿ ಉಳಿಯಿತು, ಸಾಲುಗಳು ಅಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತಿದ್ದವು. ಆಮೇಲೆ ಪುಟವನ್ನು ಅಂಚಿನವರೆಗೆ ಹಾಗೇ ಬಿಟ್ಟು, ದರಗಳ ಕೊನೆಯ ಸಾಲಿನ ಕೆಳಗೆ ಮಾತ್ರ ಜಾಗ ಸೇರಿಸಿದೆ, ಆ ಜಾಗದಲ್ಲಿ ಸಾಲುಗಳನ್ನು ಕತ್ತರಿಸಬೇಡ ಅಂತಲೂ ಬರೆದೆ. ಈಗ ಎಳೆಯುವಾಗ ಸಾಲುಗಳು ಬಟನ್‌ಗಳ ಹಿಂದಿನಿಂದ ಮೇಲೆ ಬರುತ್ತವೆ, ಕೊನೆ ಮುಟ್ಟಿದಾಗ ಕೋಕಾ ಬಟನ್‌ಗಳ ಮೇಲ್ಗಡೆ ಬಂದು ನಿಲ್ಲುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತು, ಪಟ್ಟಿಯ ಹಿಂದೆ ಹರಡುವುದು ಬೇರೆ, ಪಟ್ಟಿಯನ್ನೇ ಅಡಗಿಸುವುದು ಬೇರೆ. ಎಲ್ಲದಕ್ಕೂ ಎರಡನೆಯದು ಬೇಡ. ಕಾರವಾರದಲ್ಲಿ ನನ್ನ ಗೆಳೆಯ ಒಬ್ಬ ಸಮುದ್ರದ ಉಬ್ಬರ ಇಳಿತದ ಹೊತ್ತು ತೋರಿಸುವ ಆ್ಯಪ್ ಮಾಡಿದ್ದ. ಉಬ್ಬರದ ಗೆರೆ ಪರದೆ ತುಂಬ ಚಂದ ಕಾಣಲಿ ಅಂತ ಇಮ್ಮರ್ಸಿವ್ ಹಾಕಿದ್ದ. ಬೈತಖೋಲ್ ಬಂದರಿನಲ್ಲಿ ಬೋಟಿನವರಿಗೆ ತೋರಿಸಿದಾಗ ಅವರು ಮೊದಲು ಕೇಳಿದ್ದು, ಟೈಮ್ ಎಲ್ಲಿ, ಸಿಗ್ನಲ್ ಉಂಟೋ ಇಲ್ವೋ ಹೇಗೆ ಗೊತ್ತಾಗಬೇಕು ಅಂತ. ಉಬ್ಬರ ಎಷ್ಟು ಗಂಟೆಗೆ ಅಂತ ನೋಡುವವರಿಗೆ ಈಗ ಎಷ್ಟು ಗಂಟೆ ಅಂತಲೂ ಬೇಕು, ಅಲ್ವಾ? ದಡದಿಂದ ದೂರ ಹೋದ ಹಾಗೆ ಸಿಗ್ನಲ್ ಬಿಡುತ್ತದೆ, ಅದನ್ನು ಅವರು ಕಣ್ಣಿಟ್ಟು ನೋಡುತ್ತಾರೆ. ಅವನು ಸ್ಟೇಟಸ್ ಬಾರ್ ವಾಪಸ್ ತಂದ. ಆಗ ಇನ್ನೊಂದು ಎಡವಟ್ಟು, ಬಿಳಿ ಹಿನ್ನೆಲೆ ಮೇಲೆ ಗಡಿಯಾರದ ಅಕ್ಷರವೂ ಬಿಳಿ, ಬಿಸಿಲಲ್ಲಂತೂ ಏನೂ ಕಾಣದು. ಹಿನ್ನೆಲೆ ತಿಳಿ ಬಣ್ಣದ್ದಾದರೆ ಮೇಲಿನ ಗುರುತುಗಳು ಕಪ್ಪಾಗಲಿ ಅಂತ ಬೇರೆಯಾಗಿ ಹೇಳಬೇಕು. ಹೇಳಿದ ಮೇಲೆ ಸರಿಹೋಯ್ತು.

ದೊಡ್ಡಪ್ಪನಿಗೆ ಅಪ್‌ಡೇಟ್ ಹಾಕಿಕೊಟ್ಟು ಬಂದೆ. ಎರಡು ದಿನ ಬಿಟ್ಟು ಮತ್ತೆ ಕರೆ. ಕೋಕಾ ಕಾಣ್ತು, ಆದರೆ ಮೇಲೆ ಹುಡುಕಲು ಅಕ್ಷರ ಒತ್ತಲು ಹೋದರೆ ಕೆಳಗಿನ ಸಾಲೆಲ್ಲ ಕೀಬೋರ್ಡ್ ಹಿಂದೆ ಹೋಗ್ತು ಅಂದರು. ಕೀಬೋರ್ಡ್‌ಗೂ ಅದರದ್ದೇ ಆದ ಇನ್‌ಸೆಟ್ ಇದೆ, ಅದನ್ನು ನಾನು ಕೇಳಿರಲಿಲ್ಲ. ಈ ವಾರ ಅದೇ ಕೆಲಸ ನಡೆದಿದೆ.