ಪೊರೆ ಆಪರೇಷನ್: ಒಬ್ಬರಿಗೆ ಡ್ರಾಪ್ಸ್, ಇನ್ನೊಬ್ಬರಿಗೆ ಇಂಜೆಕ್ಷನ್ ಯಾಕೆ?

ಪ್ರಶ್ನೆ: ಚಿಕ್ಕಮ್ಮನಿಗೆ ಬರೀ ಡ್ರಾಪ್ಸ್ ಹಾಕಿ ಕಣ್ಣಿನ ಪೊರೆ ತೆಗೆದರು. ಅಮ್ಮನಿಗೆ ಇಂಜೆಕ್ಷನ್ ಬೇಕು ಅಂತಿದ್ದಾರೆ. ಕಣ್ಣಿಗೇ ಚುಚ್ಚುತ್ತಾರಾ? ಅಮ್ಮ ತುಂಬಾ ಹೆದರಿದ್ದಾರೆ.

ಉತ್ತರ: ಮೊದಲು ಅಮ್ಮನಿಗೆ ಇದನ್ನು ಹೇಳಿ. ಸೂಜಿ ಹೋಗಬೇಕಾದ್ದು ಕಣ್ಣುಗುಡ್ಡೆಯೊಳಗೆ ಅಲ್ಲ, ಅದರ ಪಕ್ಕಕ್ಕೆ. ಗುಡ್ಡೆಗೂ ಸುತ್ತಲಿನ ಮೂಳೆಗೂ ನಡುವೆ ಕೊಬ್ಬು ತುಂಬಿದ ಜಾಗ ಇದೆ. ಸಾಮಾನ್ಯವಾಗಿ ಕೆಳರೆಪ್ಪೆಯ ಹೊರಭಾಗದಲ್ಲಿ ಚುಚ್ಚಿ ಅಲ್ಲಿಗೆ ಲಿಗ್ನೊಕೇನ್‌ನಂಥ ಔಷಧಿ ಬಿಡುತ್ತಾರೆ. ಪೆರಿಬಲ್ಬಾರ್ ಬ್ಲಾಕ್ ಅನ್ನುವುದು ಇದನ್ನೇ. ಸ್ವಲ್ಪ ಉರಿಯುತ್ತದೆ, ಕಣ್ಣು ಬಿಗಿದ ಹಾಗಾಗುತ್ತದೆ. ಸುಮಾರು 10 ನಿಮಿಷದಲ್ಲಿ ಮರಗಟ್ಟುತ್ತದೆ.

ನೋವು ಹೋಗಲು ಡ್ರಾಪ್ಸ್ ಸಾಕು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಯಿಂದ ಕಣ್ಣು ಮರಗಟ್ಟುತ್ತದೆ ಅಂತ ತೋರಿಸಿದಾಗಿನಿಂದ ಇದು ಗೊತ್ತು. ಆದರೆ ಹನಿ ಹಾಕಿದ ಕಣ್ಣು ಅಲುಗಾಡುತ್ತಲೇ ಇರುತ್ತದೆ. ಬ್ಲಾಕ್ ಕೊಟ್ಟರೆ ಅಲುಗಾಟವೂ ನಿಲ್ಲುತ್ತದೆ. ವ್ಯತ್ಯಾಸ ಇರುವುದು ಇಲ್ಲೇ.

ಫೇಕೋದಲ್ಲಿ, ಅಂದರೆ ಅಲ್ಟ್ರಾಸೌಂಡ್‌ನಿಂದ ಪೊರೆ ಪುಡಿಮಾಡಿ ಹೀರಿ ತೆಗೆಯುವ ಆಪರೇಷನ್‌ನಲ್ಲಿ, ಗಾಯ 2–3 ಮಿಲಿಮೀಟರ್ ಅಷ್ಟೇ. ರೋಗಿ ಡಾಕ್ಟರ್ ಹೇಳಿದ ಕಡೆ ನೋಡುತ್ತಾ ಸುಮ್ನೆ ಮಲಗಿದರೆ ಡ್ರಾಪ್ಸ್‌ನಲ್ಲೇ ಮುಗಿಯುತ್ತದೆ. ಪೊರೆ ಗಟ್ಟಿಯಾಗಿದ್ದರೆ, ಗಾಯ ದೊಡ್ಡದು ಬೇಕಿದ್ದರೆ, ಕಿವಿ ಮಂದವಾಗಿದ್ದರೆ, ಗಾಬರಿ ಜಾಸ್ತಿ ಇದ್ದರೆ ಬ್ಲಾಕ್ ವಾಸಿ. ಅಮ್ಮನಿಗೆ ಇದರಲ್ಲಿ ಯಾವುದು ಅಂತ ಡಾಕ್ಟರನ್ನೇ ಕೇಳಿ. ಕೇಳುವುದು ನಿಮ್ಮ ಹಕ್ಕು.

ಬ್ಲಾಕ್‌ನಲ್ಲಿ ಅಪಾಯವೇ ಇಲ್ಲ ಅನ್ನಲಾರೆ. ಅಪರೂಪಕ್ಕೆ ಕಣ್ಣಿನ ಹಿಂದೆ ರಕ್ತ ಸೋರಬಹುದು, ಸೂಜಿ ಗುಡ್ಡೆಗೆ ತಾಗಬಹುದು. ಮೈನಸ್ ನಂಬರ್ ಜಾಸ್ತಿ ಇರುವವರ ಗುಡ್ಡೆ ಉದ್ದ ಇರುತ್ತದೆ, ಅವರಲ್ಲಿ ಹೆಚ್ಚು ಎಚ್ಚರ ಬೇಕು. ಅಂಥವರಿಗೆ ಸಬ್‌ಟೆನಾನ್ ಅಂತ ಇನ್ನೊಂದು ದಾರಿ ಇದೆ. ಮೊದಲು ಹನಿ ಹಾಕಿ, ಬಿಳಿಗುಡ್ಡೆಯ ಮೇಲ್ಪದರದಲ್ಲಿ ಚಿಕ್ಕ ಕತ್ತರಿಯಿಂದ ಸಂದು ಮಾಡಿ, ಮೊಂಡು ಕೊಳವೆಯಲ್ಲಿ ಔಷಧಿ ಬಿಡುತ್ತಾರೆ. ಚೂಪು ಸೂಜಿ ಇರುವುದಿಲ್ಲ. ನನಗೆ ತುಂಬಾ ಮೆಚ್ಚುಗೆಯಾದ ವಿಧಾನ ಇದು.

ರಕ್ತ ತೆಳುವಾಗಿಸುವ ಮಾತ್ರೆ, ಕೆಮ್ಮು, ಮಲಗಿದರೆ ಉಸಿರು ಕಟ್ಟುವುದು, ತಲೆ ನಡುಕ: ಇದ್ದರೆ ಮೊದಲೇ ಹೇಳಿಬಿಡಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಆಪರೇಷನ್ ನಡುವೆ ಕೆಮ್ಮು ಬರುವ ಹಾಗಾದರೆ, ಕೆಮ್ಮುವ ಮುಂಚೆ ಬಾಯಲ್ಲಿ ಹೇಳಬೇಕು ಅಂತ ಅಮ್ಮನಿಗೆ ತಿಳಿಸಿ. ಕೈ ಮಾತ್ರ ಮುಖದ ಹತ್ತಿರ ತರಬಾರದು.

ಬ್ಲಾಕ್ ಆದಮೇಲೆ ಕೆಲವು ಗಂಟೆ ರೆಪ್ಪೆ ಏಳದೇ ಇರಬಹುದು, ಒಂದು ಎರಡಾಗಿ ಕಾಣಬಹುದು. ಅದಕ್ಕೇ ಪಟ್ಟಿ ಕಟ್ಟಿ ಕಳಿಸುತ್ತಾರೆ. ಔಷಧಿ ಇಳಿದ ಹಾಗೆ ಸರಿಹೋಗುತ್ತದೆ. ನೋವು ಜಾಸ್ತಿಯಾಗುತ್ತಾ ಹೋದರೆ ಮಾತ್ರ ಬೆಳಗಿನ ತನಕ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಫೋನ್ ಮಾಡಿ.