ಅಂಕಿ ಬೇರೆ, ಸಂಖ್ಯೆ ಬೇರೆ

ಹಾಳೆಯ ಮೇಲೆ 7 ಎಂದು ಬರೆದು ಅಳಿಸಿಬಿಡಿ. ಅಳಿದುಹೋದದ್ದು ಅಂಕಿ. ಏಳು ಎಂಬ ಸಂಖ್ಯೆಗೆ ಏನೂ ಆಗಿಲ್ಲ, ವಾರದಲ್ಲಿ ಇನ್ನೂ ಅಷ್ಟೇ ದಿನಗಳಿವೆ. ‘ಅಂಕ’ ಎಂದರೆ ಗುರುತು. ‘ಅಂಕಿತ ಹಾಕುವುದು’ ಎನ್ನುವಾಗ ಇರುವುದೂ ಅದೇ ಪದ. ಎಣಿಸಿದಾಗ ಸಿಗುವ ಪ್ರಮಾಣ ಸಂಖ್ಯೆ, ಅದನ್ನು ಬರಹದಲ್ಲಿ ತೋರಿಸುವ ಗುರುತು ಅಂಕಿ. 7 ಎಂದು ಬರೆದರೂ ೭ ಎಂದು ಬರೆದರೂ ಸಂಖ್ಯೆ ಒಂದೇ.

ಮಾತಿನಲ್ಲಿ ನಾವು ಇವೆರಡನ್ನೂ ಕಲಸಿಬಿಡುತ್ತೇವೆ. ‘ಫೋನ್ ಸಂಖ್ಯೆ’ ನಿಜವಾಗಿ ಸಂಖ್ಯೆಯೇ ಅಲ್ಲ, ಅಂಕಿಗಳ ಸಾಲು. ಎರಡು ಫೋನ್ ನಂಬರುಗಳನ್ನು ಯಾರೂ ಕೂಡಿಸಿ ನೋಡುವುದಿಲ್ಲ.

ಹೇಗೆ ಗುರುತು ಹಾಕಬೇಕು ಎಂಬುದಕ್ಕೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಪ್ರಾಚೀನ ಈಜಿಪ್ಟಿನವರು ಒಂದಕ್ಕೆ ಒಂದು ಗೀಟು, ನೂರಕ್ಕೆ ಸುರುಳಿ ಸುತ್ತಿದ ಹಗ್ಗ, ಸಾವಿರಕ್ಕೆ ತಾವರೆ ಬರೆದರು. ನೋಡಲು ಚೆಂದ, ಆದರೆ 99 ಬರೆಯಲು ಹತ್ತರ ಚಿಹ್ನೆ ಒಂಬತ್ತು, ಒಂದರ ಗೀಟು ಒಂಬತ್ತು, ಒಟ್ಟು ಹದಿನೆಂಟು ಚಿಹ್ನೆ ಬೇಕು. ರೋಮನ್ ಪದ್ಧತಿಯ ಪಾಡು ಇನ್ನೂ ವಿಚಿತ್ರ. 1888 ಬರೆಯಲು ಹದಿಮೂರು ಅಕ್ಷರ, ಅದಕ್ಕಿಂತ ದೊಡ್ಡದಾದ 2000ಕ್ಕೆ ಎರಡೇ. ಬರಹದ ಉದ್ದ ನೋಡಿ ಯಾವುದು ದೊಡ್ಡದೆಂದು ಹೇಳುವಂತಿಲ್ಲ. ಗುಣಾಕಾರವಂತೂ ಕೇಳಲೇಬೇಡಿ, ಲೆಕ್ಕಕ್ಕೆ ಮಣಿಚೌಕಟ್ಟು, ಫಲಿತಾಂಶ ಬರೆದಿಡಲು ಮಾತ್ರ ಅಕ್ಷರ.

ನನ್ನ ಲೆಕ್ಕದಲ್ಲಿ ದೊಡ್ಡ ಜಾಣತನ ಅಂಕಿಗಳ ಆಕಾರದಲ್ಲಿಲ್ಲ, ಅವು ಕೂರುವ ಜಾಗದಲ್ಲಿದೆ. 555ರಲ್ಲಿ ಮೂರು ಕಡೆಯೂ ಅದೇ ಐದು, ಆದರೆ ಎಡದ್ದು ಐನೂರು, ನಡುವಿನದು ಐವತ್ತು, ಬಲದ್ದು ಬರೀ ಐದು. ಶಾಲೆಯಲ್ಲಿ ಮುಖಬೆಲೆ, ಸ್ಥಾನಬೆಲೆ ಎಂದು ಕಲಿತದ್ದು ಇದನ್ನೇ. ಬ್ಯಾಬಿಲೋನಿನವರಿಗೆ ಈ ಗುಟ್ಟು ಬಹಳ ಹಿಂದೆಯೇ ಗೊತ್ತಿತ್ತು. ಅವರ ಎಣಿಕೆ ಅರವತ್ತರ ಗುಂಪಿನಲ್ಲಿ. ಗಂಟೆಗೆ ಅರವತ್ತು ನಿಮಿಷ ಅದರದೇ ಉಳಿಕೆ. ಆದರೆ ಖಾಲಿ ಜಾಗಕ್ಕೆ ಅವರಲ್ಲಿ ಬಹುಕಾಲ ಗುರುತಿರಲಿಲ್ಲ. ಒಂದಕ್ಕೂ ಅರವತ್ತಕ್ಕೂ ಬರೆಯುತ್ತಿದ್ದದ್ದು ಒಂದೇ ಚಿಹ್ನೆ, ಯಾವುದೆಂದು ಸಂದರ್ಭ ನೋಡಿ ತಿಳಿಯಬೇಕು.

ಆ ಖಾಲಿ ಜಾಗ ತುಂಬಿದ್ದು ಸೊನ್ನೆ. ಸೊನ್ನೆ ಇಲ್ಲದಿದ್ದರೆ 27, 207, 270 ಮೂರೂ ಒಂದೇ ಥರ ಕಂಡಾವು. ಮಧ್ಯ ಅಮೆರಿಕದ ಮಾಯಾ ಜನರು ತಾವಾಗಿಯೇ ಚಿಪ್ಪಿನ ಆಕಾರದ ಸೊನ್ನೆ ಕಂಡುಕೊಂಡಿದ್ದರು. ಭಾರತದಲ್ಲಿ ಬ್ರಹ್ಮಗುಪ್ತ 628ರಲ್ಲಿ ಅದನ್ನು ಜಾಗ ಹಿಡಿಯುವ ಗುರುತಷ್ಟೇ ಅಲ್ಲದೆ ಸಂಖ್ಯೆಯೆಂದೂ ಎಣಿಸಿ, ಕೂಡುವ ಕಳೆಯುವ ನಿಯಮ ಹೇಳಿದ. ಗ್ವಾಲಿಯರಿನ ಗುಡಿಯೊಂದರ 876ರ ಶಾಸನದಲ್ಲಿ 270 ಎಂಬುದು ಇವತ್ತಿನಂತೆಯೇ ಸೊನ್ನೆ ಸಮೇತ ಇದೆ. ಸಂಸ್ಕೃತದ ಶೂನ್ಯ ಕನ್ನಡದಲ್ಲಿ ಸೊನ್ನೆಯಾಯಿತು. ಅರಬ್ಬರು ಅದನ್ನು ಸಿಫ್ರ್ ಎಂದರು, ಅಲ್ಲಿಂದ ಯುರೋಪಿಗೆ ಹೋಗಿ ಜೀರೋ ಆಯಿತು.

ಇಟಲಿಯ ಫಿಬೊನಾಚಿ 1202ರಲ್ಲಿ ಈ ಅಂಕಿಗಳನ್ನು ಪುಸ್ತಕ ಬರೆದು ಪರಿಚಯಿಸಿದರೂ ಎಲ್ಲರೂ ಬಾಚಿಕೊಳ್ಳಲಿಲ್ಲ. ಫ್ಲಾರೆನ್ಸಿನ ಹಣವಿನಿಮಯದವರ ಸಂಘ 1299ರಲ್ಲಿ ಲೆಕ್ಕದ ಪುಸ್ತಕದಲ್ಲಿ ಇವನ್ನು ಬಳಸಕೂಡದೆಂದಿತು. ಸೊನ್ನೆಗೊಂದು ಬಾಲ ಎಳೆದರೆ ಆರೋ ಒಂಬತ್ತೋ ಆಗಿಬಿಡುತ್ತದೆ ಎಂಬ ಅನುಮಾನವೇ ಇದಕ್ಕೆ ಕಾರಣ ಎನ್ನುವುದುಂಟು. ಚೆಕ್ಕಿನಲ್ಲಿ ಮೊತ್ತವನ್ನು ಇವತ್ತಿಗೂ ಅಕ್ಷರದಲ್ಲಿ ಬರೆಯಿಸುವುದನ್ನು ನೋಡಿದರೆ ಆ ಗುಮಾನಿ ಪೂರ್ತಿ ಹೋಗಿಲ್ಲ.

ಇನ್ನು ಹತ್ತರ ಗುಂಪು ನಮ್ಮ ಕೈಬೆರಳಿನ ರೂಢಿ, ಅಷ್ಟೇ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ 0 ಮತ್ತು 1 ಎರಡೇ ಅಂಕಿ. ಹದಿಮೂರನ್ನು ಅಲ್ಲಿ 1101 ಎಂದು ಬರೆಯಬೇಕು. ಅಲ್ಲಿ 10 ಎಂದರೆ ಎರಡು. ಎಂಟರ ಗುಂಪಿನಲ್ಲಿ 10 ಎಂದರೆ ಎಂಟು, ಬ್ಯಾಬಿಲೋನಿನವರ ಗುಂಪಿನಲ್ಲಿ ಅರವತ್ತು. ಎಷ್ಟರ ಗುಂಪಿನಲ್ಲಿ ಎಣಿಸಿದರೂ ಆ ಗುಂಪಿನ ಗಾತ್ರವನ್ನು ಬರೆಯುವುದು 10 ಎಂದೇ.